ಮಾರ್ಪಡಿಸಿದ ಕಾರಿಗೆ ಬಂದ ನೋಟಿಸು: ನಾನು ಉತ್ತರ ಕೊಟ್ಟ ಬಗೆ

2024ರ ಜುಲೈ ತಿಂಗಳ ಒಂದು ರಾತ್ರಿ, ಮಂಗಳೂರಿನಿಂದ ಉಡುಪಿಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮರಳುತ್ತಿದ್ದಾಗ, ಪೊಲೀಸರೂ ಸಾರಿಗೆ ಇಲಾಖೆಯವರೂ ಜೊತೆಯಾಗಿ ನಡೆಸುತ್ತಿದ್ದ ತಪಾಸಣೆಯಲ್ಲಿ ನನ್ನ ಕಾರನ್ನು ನಿಲ್ಲಿಸಿದರು. ಅದು 2010ರಲ್ಲಿ ನೋಂದಣಿಯಾದ, ಕೆಎ-20 ಸಂಖ್ಯೆಯ ಸ್ವಿಫ್ಟ್. ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ವಿರುದ್ಧ ಆ ತಿಂಗಳಿನಿಂದ ರಾಜ್ಯದಾದ್ಯಂತ ಕಾರ್ಯಾಚರಣೆ ಆರಂಭವಾಗಿತ್ತು. ನನ್ನನ್ನು ನಿಲ್ಲಿಸಿದ್ದೂ ದೀಪಕ್ಕಾಗಿಯೇ. ಆದರೆ ಮೋಟಾರು ವಾಹನ ನಿರೀಕ್ಷಕರು, ಅಂದರೆ ನಮ್ಮ ಕಡೆಯ ಹಿರಿಯರು ಈಗಲೂ ಬ್ರೇಕ್ ಇನ್‌ಸ್ಪೆಕ್ಟರ್ ಎಂದೇ ಕರೆಯುವ ಅಧಿಕಾರಿ, ಟಾರ್ಚು ಹಿಡಿದು ಕಾರಿಗೆ ಒಂದು ಸುತ್ತು ಬರುವಷ್ಟರಲ್ಲಿ ಚೆಕ್ ರಿಪೋರ್ಟಿನಲ್ಲಿ, ಅಂದರೆ ತಪಾಸಣಾ ವರದಿಯಲ್ಲಿ, ಆರು ದೋಷಗಳು ದಾಖಲಾಗಿದ್ದವು: ಹೆಡ್‌ಲೈಟು, ಗಾಜಿನ ಸನ್ ಫಿಲ್ಮ್, ಸೈಲೆನ್ಸರ್, ಮುಂಭಾಗದ ಕ್ರ್ಯಾಶ್ ಗಾರ್ಡ್ (ಬಂಪರಿನ ಮುಂದೆ ಹೆಚ್ಚುವರಿಯಾಗಿ ಹಾಕಿಸುವ ಲೋಹದ ಚೌಕಟ್ಟು), ಚಕ್ರದ ಅಳತೆ ಮತ್ತು ಆರ್‌ಸಿಯಲ್ಲಿ (ನೋಂದಣಿ ಪತ್ರದಲ್ಲಿ) ಇರುವುದಕ್ಕೆ ಹೊಂದದ ಬಣ್ಣ. ಹತ್ತು ದಿನಗಳ ಬಳಿಕ ರಿಜಿಸ್ಟರ್ಡ್ ಅಂಚೆಯಲ್ಲಿ ನೋಟಿಸು ಬಂತು. ದೋಷಗಳನ್ನು ಸರಿಪಡಿಸಿ ವಾಹನವನ್ನು ಪರಿಶೀಲನೆಗೆ ಹಾಜರುಪಡಿಸಬೇಕು, ಇಲ್ಲವಾದರೆ ನೋಂದಣಿಯನ್ನು ಏಕೆ ಅಮಾನತಿನಲ್ಲಿಡಬಾರದು ಎಂಬುದಕ್ಕೆ ಲಿಖಿತ ಸಮಜಾಯಿಷಿ ಕೊಡಬೇಕು ಎಂದು ಅದರಲ್ಲಿತ್ತು.

ಈ ನೋಟಿಸನ್ನು ದಂಡದ ಚಲನ್‌ನಂತೆ ಹಗುರವಾಗಿ ಕಾಣಬಾರದು. ಮೋಟಾರು ವಾಹನ ಕಾಯ್ದೆ, 1988ರ 53ನೇ ಸೆಕ್ಷನ್ ಪ್ರಕಾರ, ಮಾಲೀಕನ ಅಹವಾಲಿಗೆ ಅವಕಾಶ ಕೊಟ್ಟ ಮೇಲೆ ನೋಂದಣಿ ಪ್ರಾಧಿಕಾರವು ದೋಷ ಸರಿಯಾಗುವ ತನಕ ನೋಂದಣಿಯನ್ನು ಅಮಾನತಿನಲ್ಲಿಡಬಹುದು. ಆ ಅಮಾನತು ಬಿಡುವಿಲ್ಲದೆ ಆರು ತಿಂಗಳು ಮುಂದುವರಿದರೆ 54ನೇ ಸೆಕ್ಷನ್ ಅಡಿ ನೋಂದಣಿಯೇ ರದ್ದಾಗಬಹುದು. ಅನುಮತಿಯಿಲ್ಲದ ಮಾರ್ಪಾಡು ಮಾಡಿದ ಮಾಲೀಕನಿಗೆ 2019ರ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಪ್ರಕಾರ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗಿನ ಸಜೆ, ಅಥವಾ ಎರಡೂ ಆಗಬಹುದು. ಮೊದಲ ರಾತ್ರಿ ನಾನು ಆರನ್ನು ಐದು ಸಾವಿರದಿಂದ ಗುಣಿಸುತ್ತ ನಿದ್ದೆಗೆಟ್ಟೆ. ಆರೂ ದೋಷಗಳು ಆ ಒಂದೇ ಸೆಕ್ಷನ್‌ಗೆ ಬರುವುದಿಲ್ಲ ಎಂಬುದು ಮರುದಿನ ಕಾಯ್ದೆಯನ್ನು ತೆರೆದು ಓದಿದಾಗ ತಿಳಿಯಿತು.

ಓದಿದ್ದರಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು 52ನೇ ಸೆಕ್ಷನ್. ತಯಾರಕರು ಮೂಲದಲ್ಲಿ ಸೂಚಿಸಿದ ವಿವರಗಳಿಗೂ ಆರ್‌ಸಿಯಲ್ಲಿರುವ ವಿವರಗಳಿಗೂ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಿಸಬಾರದು ಎಂಬುದು ಅದರ ತಿರುಳು. ‘ಮಾರ್ಪಾಡು’ ಎಂದರೆ ವಾಹನದ ಮೂಲ ಲಕ್ಷಣವನ್ನೇ ಬದಲಿಸುವ ರಚನಾತ್ಮಕ ಬದಲಾವಣೆ ಎಂದು ಅದರ ವಿವರಣೆ ಹೇಳುತ್ತದೆ. ತಯಾರಕರ ಮೂಲ ವಿವರಗಳನ್ನು ಮೀರಿದ ಮಾರ್ಪಾಡಿಗೆ ಅವಕಾಶವಿಲ್ಲವೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಇದನ್ನು ಮುಂದಿಟ್ಟುಕೊಂಡು ನನ್ನ ಆರು ಅಂಶಗಳನ್ನು ಒಂದು ಹಾಳೆಯಲ್ಲಿ ಮೂರು ಪಾಲು ಮಾಡಿದೆ. ಯಾವ ಕಾಗದ ತಂದರೂ ಸಕ್ರಮವಾಗದವು ಫಿಲ್ಮ್, ಸೈಲೆನ್ಸರ್, ಗಾರ್ಡ್ ಮತ್ತು ದೀಪ. ಅರ್ಜಿ ಸಲ್ಲಿಸಿ ಆರ್‌ಸಿಯಲ್ಲಿ ನಮೂದಿಸಿಕೊಳ್ಳಬಹುದಾದದ್ದು ಬಣ್ಣ. ವಾದಕ್ಕೆ ಎಡೆಯಿದ್ದದ್ದು ಚಕ್ರ ಮಾತ್ರ.

ಫಿಲ್ಮ್ ವಿಷಯದಲ್ಲಿ ಅಂಗಡಿಯವರು ಹೇಳಿದ್ದನ್ನು ನಂಬಿದ್ದು ನನ್ನದೇ ತಪ್ಪು. ‘ಐವತ್ತು ಪರ್ಸೆಂಟಿನದು, ಏನೂ ಆಗುವುದಿಲ್ಲ’ ಎಂದು ಹೇಳಿ ಅಂಟಿಸಿದ್ದರು. ಕೇಂದ್ರ ಮೋಟಾರು ವಾಹನ ನಿಯಮ 100ರಲ್ಲಿರುವ, ಬೆಳಕು ಹಾಯುವ ಪ್ರಮಾಣದ ಶೇ 70 ಮತ್ತು ಶೇ 50ರ ಲೆಕ್ಕ ಕಾರ್ಖಾನೆಯಲ್ಲಿ ತಯಾರಾದ ಗಾಜಿನದು, ಅದರ ಮೇಲೆ ನಾವು ಅಂಟಿಸುವ ಹಾಳೆಯದಲ್ಲ ಎಂದು ಸುಪ್ರೀಂ ಕೋರ್ಟು 2012ರಲ್ಲಿ ಹೇಳಿತ್ತು. ಅಂಗಡಿಯಲ್ಲಿ ಅಂಟಿಸುವ ಕಪ್ಪು ಫಿಲ್ಮನ್ನು ಸುಪ್ರೀಂ ಕೋರ್ಟು 2012ರ ಏಪ್ರಿಲ್ 27ರ ತೀರ್ಪಿನಲ್ಲಿ, ಅದರ ಪಾರದರ್ಶಕತೆ ಎಷ್ಟೇ ಇರಲಿ, ನಿಷೇಧಿಸಿತ್ತು. ಹಾಕಲು ಒಂದು ಗಂಟೆ ಸಾಕಾಗಿತ್ತು, ತೆಗೆಯಲು ಎರಡು ದಿನ ಬೇಕಾಯಿತು. ಹೆಂಡತಿಯ ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ ಮೂಲೆಯಿಂದ ನಿಧಾನವಾಗಿ ಎಳೆದರೆ ಹಾಳೆ ಬರುತ್ತದೆ, ಆದರೆ ಅಂಟು ಗಾಜಿನಲ್ಲೇ ಉಳಿಯುತ್ತದೆ. ಅದರ ಮೇಲೆ ಸಾಬೂನು ನೀರು ಚಿಮುಕಿಸಿ, ಬ್ಲೇಡನ್ನು ಓರೆಯಾಗಿ ಹಿಡಿದು ಕೆರೆಯಬೇಕು.

ದೀಪದ ಕೆಲಸ ಅದಕ್ಕಿಂತ ಗಂಭೀರವಾಗಿತ್ತು. ನನ್ನ ಕಾರಿನ ಹೆಡ್‌ಲೈಟಿನ ಪ್ರತಿಫಲಕವನ್ನು 60/55 ವ್ಯಾಟಿನ ಎಚ್4 ಹ್ಯಾಲೋಜನ್ ಬಲ್ಬಿಗಾಗಿ ರೂಪಿಸಲಾಗಿದೆ. ಬಲ್ಬಿನ ತಂತಿ ಇರಬೇಕಾದ ಜಾಗದಲ್ಲೇ ಬೆಳಕು ಹುಟ್ಟಿದರೆ ಮಾತ್ರ ಅದು ರಸ್ತೆಯತ್ತ ಬಾಗುತ್ತದೆ. ಎಲ್‌ಇಡಿ ಚಿಪ್ ಆ ಜಾಗದಿಂದ ತುಸು ಸರಿದರೂ ಬೆಳಕು ಚದುರಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಮಳೆಗಾಲದಲ್ಲಿ ಒದ್ದೆ ಡಾಂಬರಿನ ಮೇಲೆ ಅದರ ಬಿಳಿ ಬೆಳಕು ನನಗೂ ಏನನ್ನೂ ತೋರಿಸುತ್ತಿರಲಿಲ್ಲ, ಆದರೂ ಒಪ್ಪಿಕೊಳ್ಳಲು ಮನಸ್ಸಿರಲಿಲ್ಲ. ಬಲ್ಬು ಬದಲಿಸಲು ಬಿಚ್ಚಿದಾಗ ಮೆಕ್ಯಾನಿಕ್ ಕರೆದು ತೋರಿಸಿದರು. ಮೂಲ ವೈರನ್ನು ಕತ್ತರಿಸಿ, ತಿರುಚಿ, ಇನ್ಸುಲೇಷನ್ ಟೇಪು ಸುತ್ತಿದ್ದ ಜಾಗದಲ್ಲಿ ಟೇಪು ಸಡಿಲಾಗಿ ತಾಮ್ರದ ಎಳೆಗಳಿಗೆ ಹಸಿರು ಕಿಲುಬು ಹಿಡಿದಿತ್ತು. ‘ಇದು ಬೆಂಕಿ ಹಿಡಿಯದೆ ಉಳಿದದ್ದು ನಿಮ್ಮ ಪುಣ್ಯ ಮಾರಾಯ್ರೇ’ ಎಂದರು. ಉಪ್ಪುಗಾಳಿಯ ನಮ್ಮ ಕರಾವಳಿಯಲ್ಲಿ ಬೆಸುಗೆಯಿಲ್ಲದ ವೈರ್ ಜೋಡಣೆ ಎರಡು ಮಳೆಗಾಲ ದಾಟುವುದಿಲ್ಲ ಎಂಬುದು ಅವರ ಅನುಭವ.

ಕ್ರ್ಯಾಶ್ ಗಾರ್ಡನ್ನು ಬಿಚ್ಚಿ ಗುಜರಿಗೆ ಹಾಕಿದೆ. ಇವುಗಳ ವಿರುದ್ಧ ಕ್ರಮ ಕೈಗೊಳ್ಳಲು ಕೇಂದ್ರ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿತ್ತು. ಡಿಕ್ಕಿಯ ಹೊಡೆತವನ್ನು ಬಂಪರು ಹೀರಿಕೊಳ್ಳುವ ಬದಲು ಗಾರ್ಡು ಅದನ್ನು ನೇರವಾಗಿ ಚಾಸಿಸ್‌ಗೆ, ಅಂದರೆ ಕಾರಿನ ಮೂಲ ಚೌಕಟ್ಟಿಗೆ, ದಾಟಿಸುತ್ತದೆ. ಮೂಲ ಸೈಲೆನ್ಸರನ್ನು ಪುಣ್ಯಕ್ಕೆ ಕೊಟ್ಟಿಗೆಯ ಅಟ್ಟದಲ್ಲಿ ಇಟ್ಟಿದ್ದೆ. ಬಿಚ್ಚಿದ ಮೂಲ ಭಾಗಗಳನ್ನು ಅಂಗಡಿಯಲ್ಲಿ ಬಿಟ್ಟುಬರುವವರಿಗೆ ಇದೊಂದನ್ನು ಒತ್ತಿ ಹೇಳುತ್ತೇನೆ: ಹಳೆಯ ಮಾದರಿಯ ಕಾರಿಗೆ ಅವು ಮತ್ತೆ ಸಿಗುವುದು ಸುಲಭವಲ್ಲ.

ಇನ್ನು ಚಕ್ರ. ಮೂಲದಲ್ಲಿ 14 ಇಂಚಿನದಿತ್ತು. ನಾನು 195/55 ಅಳತೆಯ ಟಯರಿನ 16 ಇಂಚಿನ ಅಲಾಯ್ (ಮಿಶ್ರಲೋಹದ) ಚಕ್ರ ಹಾಕಿಸಿದ್ದೆ. ಮೂಲದ 185/70 ಆರ್14 ಟಯರಿನ ಹೊರವ್ಯಾಸ ಸುಮಾರು 615 ಮಿಲಿಮೀಟರ್, ನನ್ನದು ಸುಮಾರು 621. ವ್ಯತ್ಯಾಸ ಶೇ 1ರಷ್ಟು, ಸ್ಪೀಡೋಮೀಟರ್‌ಗೆ ಏನೂ ಆಗದು ಎಂದು ಲೆಕ್ಕ ಬರೆದುಕೊಂಡು ಸಾರಿಗೆ ಕಚೇರಿಯ ಪರಿಶೀಲನೆಗೆ ಹೋಗಿದ್ದೆ. ನಿರೀಕ್ಷಕರು ಆ ಹಾಳೆಯನ್ನು ಸಮಾಧಾನದಿಂದಲೇ ಓದಿದರು. ನಂತರ ಚಾಲಕನ ಬಾಗಿಲು ತೆರೆದು, ಬಾಗಿಲ ಪಕ್ಕದ ಕಂಬದ ಮೇಲೆ ತಯಾರಕರು ಅಂಟಿಸಿದ್ದ ಟಯರ್ ಅಳತೆಯ ಸ್ಟಿಕ್ಕರಿನ ಮೇಲೆ ಬೆರಳಿಟ್ಟು, ‘ಇದರಲ್ಲಿ ನಿಮ್ಮ ಅಳತೆ ಎಲ್ಲಿದೆ?’ ಎಂದು ಕೇಳಿದರು. ಟಯರಿನ ಅಂಚು ಮಡ್‌ಗಾರ್ಡಿಗಿಂತ ಒಂದು ಬೆರಳಿನಷ್ಟು ಹೊರಗೆ ಬಂದಿದ್ದನ್ನೂ ತೋರಿಸಿದರು. ನನ್ನ ಗಣಿತ ಸರಿಯಾಗಿತ್ತು, ಆದರೆ ಅವರು ಕೇಳಿದ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ. ಆ ದಿನ ಉಳಿದ ಅಂಶಗಳು ಸರಿಯೆಂದು ಗುರುತಾಗಿ, ಚಕ್ರಕ್ಕಾಗಿ ಇನ್ನೊಂದು ದಿನಾಂಕ ಸಿಕ್ಕಿತು. ಹೊರಗೆ ಏಜೆಂಟರೊಬ್ಬರು, ‘ತಲೆಬಿಸಿ ಮಾಡಬೇಡಿ, ಆ ದಿನದ ಮಟ್ಟಿಗೆ ಬೇರೆ ಚಕ್ರ ಬಾಡಿಗೆಗೆ ಕೊಡಿಸುತ್ತೇನೆ’ ಎಂದರು. ಹಾಗೆ ಮಾಡಿ ಮತ್ತೆ ಸಿಕ್ಕಿಬಿದ್ದರೆ, ತಿಳಿಯದೆ ಮಾಡಿದೆ ಎಂದು ಹೇಳುವ ದಾರಿಯೂ ಮುಚ್ಚುತ್ತದೆ. ಆದ್ದರಿಂದ 14 ಇಂಚಿನ ನಾಲ್ಕು ಚಕ್ರಗಳನ್ನು ಖರೀದಿಸಿಯೇ ಹೋದೆ.

ಲಿಖಿತ ಉತ್ತರವನ್ನು ನಾನೇ ಬರೆದೆ. ಚೆಕ್ ರಿಪೋರ್ಟಿನ ಕ್ರಮಸಂಖ್ಯೆಯಲ್ಲೇ ಒಂದೊಂದು ದೋಷಕ್ಕೆ ಒಂದೊಂದು ಪರಿಚ್ಛೇದ, ಅದರ ಕೆಳಗೆ ಮೊದಲಿನ ಮತ್ತು ನಂತರದ ಫೋಟೋ, ಕೆಲಸ ಮಾಡಿಸಿದ ಬಿಲ್ಲಿನ ಪ್ರತಿ. ಕ್ಷಮೆಯನ್ನಾಗಲಿ ವಾದವನ್ನಾಗಲಿ ಬರೆಯಲಿಲ್ಲ. ಎರಡು ಪ್ರತಿ ಒಯ್ದು, ಒಂದರ ಮೇಲೆ ಕಚೇರಿಯ ಸ್ವೀಕೃತಿ ಮುದ್ರೆ ಮತ್ತು ದಿನಾಂಕ ಹಾಕಿಸಿಕೊಂಡೆ. ಎರಡನೆಯ ದಿನಾಂಕದಂದು ಕಡತ ಇನ್ನೊಂದು ಮೇಜಿಗೆ ಹೋಗಿದ್ದಾಗ ಆ ಮುದ್ರೆಯ ಪ್ರತಿಯೇ ಕೆಲಸಕ್ಕೆ ಬಂತು. ಬಣ್ಣಕ್ಕೆ ಬೇರೆ ಅರ್ಜಿ ಸಲ್ಲಿಸಿ, ಸಿಲ್ವರ್ ಇದ್ದಲ್ಲಿ ಗ್ರೇ ಎಂದು ಆರ್‌ಸಿಯಲ್ಲಿ ನಮೂದು ಮಾಡಿಸಿಕೊಂಡೆ, ವಿಮಾ ಕಂಪನಿಗೂ ತಿಳಿಸಿದೆ.

ನೋಟಿಸಿನಲ್ಲಿ ಇಲ್ಲದ ಒಂದು ವಿಷಯ ನನ್ನನ್ನು ಇನ್ನೂ ಹೆಚ್ಚು ಕಾಡಿತು. ಪರಿಶೀಲನೆಯಲ್ಲಿ ಚಾಸಿಸ್ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲು ಉಜ್ಜಿ ಪ್ರಿಂಟ್ ತೆಗೆಯುತ್ತಾರೆ. ನನ್ನ ಕಾರಿನ ನಂಬರು ತುಕ್ಕಿನಡಿ ಅಡಗಿ, ಕೊನೆಯ ಎರಡು ಅಂಕಿಗಳು ಕಾಗದದ ಮೇಲೆ ಮೂಡಲೇ ಇಲ್ಲ. ಹುಡುಗನೊಬ್ಬ ಮರಳುಕಾಗದ ತಂದಾಗ ನಿರೀಕ್ಷಕರು ತಡೆದರು; ಮರಳುಕಾಗದದ ಗೀರು ಬಿದ್ದರೆ ಅದನ್ನು ತಿದ್ದಿದ ನಂಬರೆಂದು ಮುಂದೆ ಯಾರಾದರೂ ಅನುಮಾನಿಸಬಹುದು. ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿ ಅರ್ಧ ಗಂಟೆ ಮೃದುವಾಗಿ ಉಜ್ಜಿದ ಮೇಲೆ ಅಂಕಿಗಳು ಎದ್ದು ಕಂಡವು. ಈಗ ಪ್ರತಿ ಮಳೆಗಾಲಕ್ಕೆ ಮುನ್ನ ಆ ಜಾಗವನ್ನು ಒರೆಸಿ ತೆಳುವಾಗಿ ಗ್ರೀಸು ಸವರುತ್ತೇನೆ.

2025ರಲ್ಲಿ ಹದಿನೈದು ವರ್ಷ ತುಂಬಿ ನೋಂದಣಿ ನವೀಕರಣಕ್ಕೆ ಅದೇ ಕಾರನ್ನು ಮತ್ತೆ ಒಯ್ದೆ. 2022ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಂತೆ ಖಾಸಗಿ ಕಾರಿನ ನವೀಕರಣಕ್ಕೆ ಆಗ 5,000 ರೂಪಾಯಿ ಶುಲ್ಕವಿತ್ತು. ದೀಪ, ಹಾರ್ನು, ಬ್ರೇಕು ನೋಡಿದರು, ಚಾಸಿಸ್ ಪ್ರಿಂಟ್ ಮೊದಲ ಸಲಕ್ಕೇ ಮೂಡಿತು, ನಿರೀಕ್ಷಕರು ಚಾಲಕನ ಬಾಗಿಲು ತೆರೆದು ಸ್ಟಿಕ್ಕರನ್ನೂ ಟಯರನ್ನೂ ಒಮ್ಮೆ ನೋಡಿ ಸಹಿ ಹಾಕಿದರು. ಐದು ವರ್ಷಗಳ ಹೊಸ ಅವಧಿ ಆರ್‌ಸಿಯಲ್ಲಿ ದಾಖಲಾಯಿತು.