ಬೂಷ್ಟಿಗೆ ಬೆಲ್ಲ ಬೇಡ, ಬೆಂಡು ಕೊಡಿ

ಟ್ರೈಕೋಡರ್ಮಾ ಶಿಲೀಂಧ್ರದಿಂದ ನಾರು ಒಡೆಯುವ ಸೆಲ್ಯುಲೇಸ್ ಕಿಣ್ವ ತೆಗೆಯಲು ಹೊರಟವರು ಹೆಚ್ಚಾಗಿ ಎಡವುವುದು ಅದು ಬೆಳೆಯುವ ಮಾಧ್ಯಮಕ್ಕೆ ಗ್ಲುಕೋಸ್ ಇಲ್ಲವೇ ಬೆಲ್ಲ ಬೆರೆಸಿ. ಎರಡೇ ದಿನಕ್ಕೆ ಫ್ಲಾಸ್ಕ್ ತುಂಬ ಬೆಳ್ಳಗೆ ಹಬ್ಬುತ್ತದೆ, ಹಿಂಡಿ ನೋಡಿದರೆ ಕಿಣ್ವ ಇದ್ದೂ ಇಲ್ಲದಂತೆ. ಸಕ್ಕರೆ ಬಾಯಿಗೇ ಬಂದಿರುವಾಗ ನಾರು ಒಡೆಯುವ ಕಿಣ್ವ ತಯಾರಿಸುವ ಗೋಜಿಗೆ ಶಿಲೀಂಧ್ರ ಹೋಗುವುದಿಲ್ಲ.

ನಾರನ್ನೇ ಕೊಡಿ. ಹಾವೇರಿ, ರಾಣೆಬೆನ್ನೂರು ಕಡೆ ಗೋವಿನಜೋಳ ಒಕ್ಕಿದ ಮೇಲೆ ಉಳಿಯುವ ಬೆಂಡು ಸಾಕು. ಒಣಗಿಸಿ ರವೆಯಷ್ಟು ದಪ್ಪಗೆ ಪುಡಿ ಮಾಡಿ. ಹಿಟ್ಟಾದರೆ ಮುದ್ದೆಗಟ್ಟಿ ಗಾಳಿ ಆಡುವುದಿಲ್ಲ. 250 ಮಿ.ಲೀ. ಫ್ಲಾಸ್ಕಿಗೆ 7 ಗ್ರಾಂ ಗೋಧಿ ತೌಡು, 3 ಗ್ರಾಂ ಬೆಂಡಿನ ಪುಡಿ, 14 ಮಿ.ಲೀ. ಲವಣದ ದ್ರಾವಣ. ಹಿಂಡಿದರೆ ಉಂಡೆ ನಿಲ್ಲಬೇಕು, ನೀರು ತೊಟ್ಟಿಕ್ಕಬಾರದು.

ದ್ರಾವಣಕ್ಕೆ ಲೀಟರಿಗೆ 1.4 ಗ್ರಾಂ ಅಮೋನಿಯಂ ಸಲ್ಫೇಟ್, 2 ಗ್ರಾಂ ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್, ಮೆಗ್ನೀಸಿಯಂ ಸಲ್ಫೇಟ್ ಮತ್ತು ಕ್ಯಾಲ್ಸಿಯಂ ಕ್ಲೋರೈಡ್ ತಲಾ 0.3 ಗ್ರಾಂ, 5 ಮಿ.ಗ್ರಾಂ ಫೆರಸ್ ಸಲ್ಫೇಟ್, ಪಿಎಚ್ 5. ಕ್ಯಾಲ್ಸಿಯಂ ಬೇರೆಯಾಗಿ ಕರಗಿಸಿ ಕೊನೆಗೆ ಹಾಕಿ, ಇಲ್ಲದಿದ್ದರೆ ಫಾಸ್ಫೇಟಿನ ಜತೆ ಸೇರಿ ತಳಕ್ಕೆ ಕೂರುತ್ತದೆ. ಬೋರ್‌ವೆಲ್‌ನ ಗಡಸು ನೀರಿನಲ್ಲೂ ಇದೇ ಕಾಟ, ಡಿಸ್ಟಿಲ್ಡ್ ನೀರೇ ಬಳಸಿ. ಈ ದ್ರಾವಣದ ಮೂಲವಾದ ಮ್ಯಾಂಡೆಲ್ಸ್–ವೆಬರ್ ಸೂತ್ರದಲ್ಲಿರುವ ಯೂರಿಯಾ ಇಲ್ಲಿ ಬೇಡ: ಆಟೋಕ್ಲೇವಿನ (ಒತ್ತಡದ ಹಬೆಯಲ್ಲಿ ಸೂಕ್ಷ್ಮಜೀವಿ ಕೊಲ್ಲುವ ಪಾತ್ರೆ) ಬಿಸಿಗೆ ಅಮೋನಿಯಾ ಆಗಿ ಪಿಎಚ್ ಏರಿಸುತ್ತದೆ.

ಈಗ ಕಿಣ್ವ ಹೆಚ್ಚಿಸುವ ಪೂರಕಗಳು. ದ್ರಾವಣ ಮೂರು ಪಾಲು ಮಾಡಿ. ಒಂದಕ್ಕೆ ಏನೂ ಬೇಡ. ಇನ್ನೊಂದಕ್ಕೆ 100 ಮಿ.ಲೀ.ಗೆ ಶೇ 10ರ ಟ್ವೀನ್ 80 (ಸೋಪಿನಂತೆ ವರ್ತಿಸುವ ದ್ರವ್ಯ) ದ್ರಾವಣ 1 ಮಿ.ಲೀ. ನೇರ ಬಾಟಲಿಯಿಂದ ಅಳೆಯಬೇಡಿ. ಜೇನಿನಂತೆ ಪಿಪೆಟ್ ಗೋಡೆಗೆ ಅಂಟಿ ಅರ್ಧ ಅಲ್ಲೇ ಉಳಿಯುತ್ತದೆ. ಟ್ವೀನ್ ಜೀವಕೋಶದ ಪೊರೆ ಸಡಿಲಿಸಿ ಕಿಣ್ವ ಹೊರಬರಲು ದಾರಿ ಮಾಡುತ್ತದೆ. ಇಂಥ ದ್ರವ್ಯಗಳಿಂದ ಕಿಣ್ವ ಹೆಚ್ಚುವುದನ್ನು ಸೆಲ್ಯುಲೇಸ್ ಸಂಶೋಧಕ ಎಲ್ವಿನ್ ರೀಸ್ 1969ರಲ್ಲೇ ಬರೆದಿದ್ದರು. ಹೆಚ್ಚು ಸುರಿದರೆ ಬೆಳವಣಿಗೆಯೇ ಕುಂಠಿತ. ಮೂರನೆಯದಕ್ಕೆ 100 ಮಿ.ಲೀ.ಗೆ 1 ಗ್ರಾಂ ಲ್ಯಾಕ್ಟೋಸ್. ಸಕ್ಕರೆಯೇ ಆದರೂ ನಿಧಾನ ಬಳಕೆಯಾಗಿ ಕಿಣ್ವಕ್ಕೆ ಪ್ರಚೋದನೆ ಕೊಡುತ್ತದೆ. ಪ್ರತಿ ಪಾಲಿಗೂ ಮೂರು ಫ್ಲಾಸ್ಕ್.

121 ಡಿಗ್ರಿಯಲ್ಲಿ 20 ನಿಮಿಷ ಆಟೋಕ್ಲೇವ್ ಮಾಡಿ, ಪೂರ್ತಿ ತಣಿದ ಮೇಲೆ ಮಿ.ಲೀ.ಗೆ ಒಂದು ಕೋಟಿ ಬೀಜಕಗಳಿರುವ ದ್ರವ 1 ಮಿ.ಲೀ. ಹಾಕಿ. ಬೀಜಕಕ್ಕೆ ಪಿಡಿಎ (ಆಲೂಗೆಡ್ಡೆ-ಡೆಕ್ಸ್ಟ್ರೋಸ್ ಅಗಾರ್) ಮೇಲೆ ಏಳು ದಿನ ಬೆಳೆದ ಶಿಲೀಂಧ್ರ ಬೇಕು. ಕೃಷಿ ಅಂಗಡಿಯ ಟಾಲ್ಕ್ ಬೆರೆತ ಪುಡಿಯನ್ನು ನೇರ ಹಾಕಬೇಡಿ. 28–30 ಡಿಗ್ರಿಯಲ್ಲಿ ಐದು ದಿನ. ಏಪ್ರಿಲ್‌ನಲ್ಲಿ ಹುಬ್ಬಳ್ಳಿಯ ಕೋಣೆ ಇದಕ್ಕಿಂತ ಬಿಸಿ, ಇನ್‌ಕ್ಯುಬೇಟರ್ ಬೇಕೇ ಬೇಕು. ದಿನಕ್ಕೊಮ್ಮೆ ಅಲುಗಾಡಿಸಿ.

ಆಮೇಲೆ 100 ಮಿ.ಲೀ. ಸಿಟ್ರೇಟ್ ಬಫರ್ (0.05 ಮೋಲಾರ್, ಪಿಎಚ್ 4.8) ಹಾಕಿ ಅರ್ಧ ಗಂಟೆ ಶೇಕರಿನಲ್ಲಿಟ್ಟು, ಬಟ್ಟೆಯಲ್ಲಿ ಹಿಂಡಿ ಸೋಸಿ. ಫಿಲ್ಟರ್ ಕಾಗದದ ಪಟ್ಟಿಯೊಂದಿಗೆ 50 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು, ಸಕ್ಕರೆ ಇದ್ದರೆ ಬಣ್ಣ ತಿರುಗುವ ರಾಸಾಯನಿಕವಾದ ಡಿಎನ್‌ಎಸ್ ಬಣ್ಣ ಅಳೆಯಿರಿ. ಇಲ್ಲೇ ಮೋಸ ಹೋಗುವುದು: ಲ್ಯಾಕ್ಟೋಸ್ ಕೂಡ ಡಿಎನ್‌ಎಸ್‌ಗೆ ಬಣ್ಣ ಕೊಡುತ್ತದೆ, ತೌಡಿನ ಸಕ್ಕರೆಯೂ ಕೊಡುತ್ತದೆ. ಪ್ರತಿ ಫ್ಲಾಸ್ಕಿನ ರಸಕ್ಕೂ ಕಾಗದವಿಲ್ಲದ ಬ್ಲ್ಯಾಂಕ್ ಇಟ್ಟು ಕಳೆಯಿರಿ. ಕಳೆದ ಮೇಲೂ ಏನೂ ಬೆರೆಸದ ಪಾಲಿಗಿಂತ ಏರಿಕೆ ಉಳಿದರೆ, ಟ್ವೀನ್ ಮತ್ತು ಲ್ಯಾಕ್ಟೋಸ್ ಎರಡನ್ನೂ ಸೇರಿಸಿದ ನಾಲ್ಕನೇ ಪಾಲು ಇಡಿ.