ಡೈವಿಂಗ್‌ನಲ್ಲಿ ನನ್ನ ಕೈಹಿಡಿದದ್ದು ರೆಗ್ಯುಲೇಟರ್ ರಿಪೇರಿ

ಡೈವಿಂಗ್‌ನಲ್ಲೇ ಹೊಟ್ಟೆ ಹೊರೆಯಬೇಕಾದರೆ ಇನ್‌ಸ್ಟ್ರಕ್ಟರ್ ಆಗು, ಬೇರೆ ದಾರಿ ಇಲ್ಲ ಅಂತ ನನಗೆ ಹೇಳದವರಿಲ್ಲ. ಸ್ಪ್ಯಾನರ್ ಹಿಡಿದು ಕೂತರೆ ಮೆಕ್ಯಾನಿಕ್ ಆಗ್ತೀಯ ಅಷ್ಟೇ ಅಂತ ನಕ್ಕರು. ಈಗ ಸೀಸನ್ ಮುಗಿದ ಮೇಲೂ ನನ್ನ ಬೆಂಚ್ ಖಾಲಿ ಇರುವುದಿಲ್ಲ. ನಕ್ಕವರ ರೆಗ್ಯುಲೇಟರ್‌ಗಳೂ (ಸಿಲಿಂಡರ್‌ನ ಗಾಳಿಯ ಒತ್ತಡ ಇಳಿಸಿ ಬಾಯಿಗೆ ಕೊಡುವ ಸಾಧನ) ಅದರ ಮೇಲೇ ಇವೆ!

ಡೈವರ್‌ಗಳಿಗೆ ತರಬೇತಿ, ಸರ್ಟಿಫಿಕೇಟ್ ಕೊಡುವ ಸಂಸ್ಥೆ ಪ್ಯಾಡಿಯ (PADI) ಲೆಕ್ಕ ಹೀಗಿದೆ. 40 ಡೈವ್ ಆಗಿದ್ದರೆ ಡೈವ್‌ಮಾಸ್ಟರ್ (ಇನ್‌ಸ್ಟ್ರಕ್ಟರ್‌ಗಿಂತ ಕೆಳಗಿನ ಹಂತ) ಕೋರ್ಸ್‌ಗೆ ಸೇರಬಹುದು, ಮುಗಿಸಲು 60, ಇನ್‌ಸ್ಟ್ರಕ್ಟರ್ ಪರೀಕ್ಷೆಗೆ 100. ನಾನೂ ಅಲ್ಲಿವರೆಗೆ ಹೋದವನೇ. ಕೋರ್ಸ್ ಫೀ, ಸ್ವಂತ ಗೇರ್, ವಿಮೆ, ವರ್ಷ ವರ್ಷ ಕಟ್ಟುವ ಸದಸ್ಯತ್ವ ಎಲ್ಲ ಕಳೆದರೆ ಮೊದಲ ವರ್ಷ ದುಡಿದದ್ದರಲ್ಲಿ ಮೂರನೇ ಒಂದು ಭಾಗ ಉಳಿದಿದ್ದರೆ ಹೆಚ್ಚು. ಅದರ ಮೇಲೆ ನೆಗಡಿ ಬಂದರೆ ಕಿವಿ ಈಕ್ವಲೈಸ್ ಆಗಲ್ಲ (ಒಳಗಿನ ಒತ್ತಡ ಹೊರಗಿನದಕ್ಕೆ ಸರಿಹೊಂದಲ್ಲ), ನೀರಿಗೆ ಇಳಿಯೋಕೆ ಆಗಲ್ಲ, ಆ ವಾರದ ದುಡ್ಡು ಹೋಯಿತು. ಕಮರ್ಷಿಯಲ್ ಡೈವಿಂಗ್ ಕೂಡ ವಿಚಾರಿಸಿದೆ. ಸಂಬಳ ಚೆನ್ನಾಗಿದೆ, ಆದರೆ ತರಬೇತಿಗೆ ಮತ್ತೆ ಸಾಲ. ಅಲ್ಲಿ ಹೆಚ್ಚಿನ ಕೆಲಸ ಮೇಲಿನಿಂದ ಹೋಸ್‌ನಲ್ಲಿ ಗಾಳಿ ತೆಗೆದುಕೊಂಡು ಮಾಡುವಂಥದ್ದು, ಬೆನ್ನಿಗೆ ಸಿಲಿಂಡರ್ ಕಟ್ಟಿ ಇಳಿಯುವ ಸ್ಕೂಬಾ ಕಡಿಮೆ. ಬಿಟ್ಟೆ.

ರೆಗ್ಯುಲೇಟರ್ ರಿಪೇರಿಯ ಟೆಕ್ನಿಷಿಯನ್ ಕೋರ್ಸ್ ಮಾಡಿದ ಮೇಲೂ ಸುಮಾರು ದಿನ ಒದ್ದಾಟವೇ. ಎಷ್ಟೋ ಕಂಪನಿಗಳು ಸರ್ವಿಸ್ ಕಿಟ್ (ಸವೆದವುಗಳ ಬದಲಿಗೆ ಹಾಕುವ ಬಿಡಿಭಾಗಗಳು) ಡೀಲರ್‌ಗಳಿಗೆ ಮಾತ್ರ ಕೊಡುತ್ತವೆ. ಕೊನೆಗೆ ಒಂದು ಡೈವ್ ಸೆಂಟರ್ ಜೊತೆ ಮಾತಾಡಿಕೊಂಡೆ: ಕಿಟ್ ಅವರದು, ಕೂಲಿಯಲ್ಲಿ ಹೆಚ್ಚು ಕಡಿಮೆ ಅರ್ಧ ನನ್ನದು.

ಹೆಸರು ಬಂದದ್ದು ಒಂದು ಫ್ರೀ-ಫ್ಲೋ ಕೇಸ್‌ನಿಂದ. ಸೆಕೆಂಡ್ ಸ್ಟೇಜ್, ಅಂದರೆ ಬಾಯಲ್ಲಿ ಇಟ್ಟುಕೊಳ್ಳುವ ಭಾಗ, ಸುಮ್ನೆ ಗಾಳಿ ಬಿಡುತ್ತಿತ್ತು. ನೋಡಿದವರೆಲ್ಲ ಅದರ ಸ್ಪ್ರಿಂಗನ್ನೇ ಬಿಗಿ ಮಾಡಿದ್ದರು, ಉಸಿರು ಎಳೆಯುವುದೇ ಕಷ್ಟವಾಗಿತ್ತು. ನಾನು ಐಪಿ ಗೇಜ್ (ಎರಡು ಸ್ಟೇಜ್‌ಗಳ ನಡುವಿನ ಒತ್ತಡ ಅಳೆಯುವ ಮಾಪಕ) ಹಾಕಿದೆ. ಮುಳ್ಳು ಒಂಬತ್ತೂವರೆ ಬಾರ್‌ಗೆ ಬಂದು ನಿಲ್ಲಬೇಕಿತ್ತು. ನಿಲ್ಲಲಿಲ್ಲ, ಮೆಲ್ಲಗೆ ಹನ್ನೊಂದು ದಾಟಿತು. ತೊಂದರೆ ಇದ್ದದ್ದು ಸಿಲಿಂಡರ್‌ಗೆ ಕೂರುವ ಫಸ್ಟ್ ಸ್ಟೇಜ್‌ನ ಹೈ ಪ್ರೆಶರ್ ಸೀಟ್‌ನಲ್ಲಿ, ಅಂದರೆ ಗಾಳಿ ಬರುವ ತೂತು ಮುಚ್ಚುವ ಭಾಗದಲ್ಲಿ. ಹೊಸ ಸೀಟ್ ಕೂರಿಸುವ ಮುಂಚೆ ಆರಿಫಿಸ್‌ನ (ಆ ತೂತಿನ) ಅಂಚಿಗೆ ನಾನು ಏನು ಮಾಡುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯಲ್ಲ. ಅದು ನನ್ನ ಅನ್ನ.

ನಡುವೆ ಇನ್ನೊಂದು ಹುಚ್ಚು. ಗುಜರಿ ಫಸ್ಟ್ ಸ್ಟೇಜ್‌ಗಳನ್ನು ಒಟ್ಟುಹಾಕಿ ವಿನೆಗರ್, ಸಿಟ್ರಿಕ್ ಆಸಿಡ್ ಎರಡರಲ್ಲೂ ನೆನೆಸಿ ನೋಡಿದೆ. ಹಸಿರು ಕಿಲುಬು ಎರಡರಲ್ಲೂ ಹೋಗುತ್ತದೆ. ರಾತ್ರಿಯಿಡೀ ಬಿಟ್ಟವುಗಳಲ್ಲಿ ಕೆಲವದರ ಕ್ರೋಮ್ ಕೂಡ ಎದ್ದು ಬಂತು. ಈಗ ವಿನೆಗರ್‌ಗೆ ಅರ್ಧ ನೀರು ಬೆರೆಸಿ, ಅಲ್ಟ್ರಾಸಾನಿಕ್‌ನಲ್ಲಿ (ಶಬ್ದದ ಅಲೆಗಳಿಂದ ತೊಳೆಯುವ ಯಂತ್ರ) ಕೆಲವೇ ನಿಮಿಷ ಇಟ್ಟು, ಪಕ್ಕದಲ್ಲೇ ನಿಂತಿರುತ್ತೇನೆ.

ಹಾಗಾದರೆ ಡೈವಿಂಗ್ ಎಲ್ಲಿ ಅಂತೀರಾ? 30 ಮೀಟರ್‌ನಲ್ಲಿ ಒತ್ತಡ ನಾಲ್ಕು ಪಟ್ಟು, ಗಾಳಿಯೂ ಅಷ್ಟೇ ದಟ್ಟ. ಬೆಂಚ್ ಮೇಲೆ ಸರಾಗ ಅನ್ನಿಸಿದ ರೆಗ್ಯುಲೇಟರ್ ಅಲ್ಲಿ ಬಿಗಿ ಅನ್ನಿಸಬಹುದು. ಗೇಜ್ ಪರೀಕ್ಷೆಯಲ್ಲಿ ಪಾಸಾದದ್ದನ್ನು ನಾನೇ ಕಟ್ಟಿಕೊಂಡು ಇಳಿಯುತ್ತೇನೆ, ನನ್ನ ಬೇಲ್‌ಔಟ್ ಬಾಟಲಿ (ತುರ್ತಿಗೆ ಅಂತ ಇರುವ ಬೇರೆ ಗಾಳಿ ಸಿಲಿಂಡರ್) ಪಕ್ಕದಲ್ಲಿ ಇಟ್ಟುಕೊಂಡು. ಇಳಿದದ್ದಕ್ಕೆ ಬೇರೆ ಚಾರ್ಜ್. ಮೊದಮೊದಲು ಗೊಣಗುತ್ತಿದ್ದರು, ಈಗ ಅವರೇ ಕೇಳಿ ಮಾಡಿಸುತ್ತಾರೆ. ಇನ್‌ಸ್ಟ್ರಕ್ಟರ್ ಆಗಿದ್ದಾಗ ಸಿಗುತ್ತಿದ್ದುದಕ್ಕಿಂತ ಈಗ ಕೈಗೆ ಬರುವುದು ಹತ್ತಿರಹತ್ತಿರ ಎರಡರಷ್ಟು, ಅದೂ ವರ್ಷಪೂರ್ತಿ.

ಈ ದಾರಿಗೆ ಬರುವವರು ಅಲ್ಟ್ರಾಸಾನಿಕ್ ಆಮೇಲೆ ತಗೊಳ್ಳಿ. ಮೊದಲ ದುಡ್ಡು ಒಳ್ಳೆಯ ಐಪಿ ಗೇಜ್‌ಗೆ ಹಾಕಿ.