ಚಳಿಗಾಲದ ರಾತ್ರಿಯೂಟಕ್ಕೆ ಸ್ವಿಸ್ ಫಾಂಡ್ಯೂ

ಫಾಂಡ್ಯೂ ಎಂದರೆ ಕರಗಿಸಿದ ಚೀಸ್‌ಗೆ ಬ್ರೆಡ್ಡಿನ ತುಂಡುಗಳನ್ನು ಅದ್ದಿ ತಿನ್ನುವ ಖಾದ್ಯ. ಸ್ವಿಟ್ಜರ್ಲೆಂಡಿನ ಫ್ರಿಬೂರ್ ಪ್ರಾಂತ್ಯದ ಫಾಂಡ್ಯೂವಿನಲ್ಲಿ ಗ್ರುಯೇರ್ ಮತ್ತು ವಾಶ್ರಾನ್ ಎಂಬ ಎರಡು ಚೀಸ್‌ಗಳು ಸಮಪಾಲಿನಲ್ಲಿರುತ್ತವೆ. ತಲಾ 200 ಗ್ರಾಂನಂತೆ ನಾಲ್ವರಿಗೆ ಒಟ್ಟು 800 ಗ್ರಾಂ ಚೀಸ್ ಬೇಕು. ಬ್ರೆಡ್ಡನ್ನು ಹಿಂದಿನ ದಿನವೇ ತಂದಿಟ್ಟು, ಪ್ರತಿ ತುಂಡಿನಲ್ಲಿಯೂ ಸ್ವಲ್ಪ ಗಟ್ಟಿಯಾದ ಹೊರಪದರ ಇರುವಂತೆ ಕತ್ತರಿಸಬೇಕು. ತೀರ ಮೆತ್ತಗಿನ ಬ್ರೆಡ್ಡು ಫೋರ್ಕಿನಿಂದ ಜಾರಿ ಪಾತ್ರೆಗೆ ಬೀಳುತ್ತದೆ.

ದಪ್ಪ ತಳದ ಪಾತ್ರೆಯ ಒಳಮೈಗೆ ಬೆಳ್ಳುಳ್ಳಿಯ ಎಸಳನ್ನು ಉಜ್ಜಿ, 300 ಮಿಲಿಲೀಟರ್ ಬಿಳಿ ವೈನ್‌ಗೆ ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರ್ ಕದಡಿ, ತುರಿದ ಗ್ರುಯೇರ್ ಹಾಕಿ, ಮಧ್ಯಮ ಉರಿಯಲ್ಲಿ ಕೈಬಿಡದೆ ತಿರುವುತ್ತಿರಬೇಕು. ವೈನಿನ ಹುಳಿಯು ಚೀಸ್‌ನ ಪ್ರೋಟೀನು ಮುದ್ದೆಗಟ್ಟುವುದನ್ನು ತಡೆದರೆ, ಕಾರ್ನ್‌ಫ್ಲೋರ್ ಜಿಡ್ಡು ಬೇರ್ಪಡದಂತೆ ಹಿಡಿದಿಡುತ್ತದೆ. ವೈನ್ ಬೇಡವೆನ್ನುವವರು ಸೇಬಿನ ರಸಕ್ಕೆ ನಿಂಬೆರಸ ಬೆರೆಸಿ ಬಳಸಬಹುದು. ಆದರೆ ರುಚಿ ತುಸು ಸಿಹಿಯಾಗುತ್ತದೆ. ವಾಶ್ರಾನ್ ಕಡಿಮೆ ಶಾಖದಲ್ಲಿಯೇ ಕರಗುವುದರಿಂದ ಅದನ್ನು ಕೊನೆಯಲ್ಲಿ, ಉರಿ ತಗ್ಗಿಸಿದ ಬಳಿಕವೇ ಸೇರಿಸಬೇಕು, ಮಿಶ್ರಣ ಕುದಿಯಲೇಬಾರದು.

ಗ್ರುಯೇರ್ ತಯಾರಿಕೆಯಲ್ಲಿ ಕರುವಿನ ಜಠರದಿಂದ ತೆಗೆದ ರೆನೆಟ್ (ಹಾಲನ್ನು ಹೆಪ್ಪುಗಟ್ಟಿಸುವ ಕಿಣ್ವ) ಬಳಕೆಯಾಗುವುದರಿಂದ, ಸಸ್ಯಾಹಾರಿ ಅತಿಥಿಗಳಿಗೆ ಈ ಸಂಗತಿಯನ್ನು ಮೊದಲೇ ತಿಳಿಸುವುದು ಆತಿಥೇಯರ ಕರ್ತವ್ಯ.

ಮೇಜಿನ ಮೇಲೆ ಸಣ್ಣ ಉರಿಯ ಬರ್ನರ್ ಮೇಲಿಟ್ಟು, ಕರಿಮೆಣಸಿನ ಪುಡಿ ಉದುರಿಸಿ, ಉಪ್ಪಿನಲ್ಲಿಟ್ಟ ಸೌತೆಮಿಡಿ ಮತ್ತು ಬಿಸಿ ಚಹಾದೊಂದಿಗೆ ಬಡಿಸಬೇಕು. ಪ್ರತಿಯೊಬ್ಬರೂ ಬ್ರೆಡ್ಡನ್ನು ತಳ ಮುಟ್ಟುವಂತೆ ಅದ್ದಿ ತಿರುವಿದರೆ ಚೀಸ್ ಸೀಯುವುದಿಲ್ಲ. ಕೊನೆಗೆ ತಳದಲ್ಲಿ ಉಳಿಯುವ ಗರಿಗರಿಯಾದ ಪದರವನ್ನು ಕೆರೆದು ಎಲ್ಲರಿಗೂ ಹಂಚುವುದು ಅಲ್ಲಿನ ರೂಢಿ.